ಎರಡು ಫುಟ್‌ಬಾಲ್ ನಗರಗಳ ನಡುವೆ ಕಾಗಿಣಾ ಸೀಮೆ: ಅಭಿಮಾನಿಯ ಮುನಿಸು ಮತ್ತು ಸುದ್ದಿಯ ಚರಿತ್ರೆ

ಕಲಬುರಗಿ ಜಿಲ್ಲೆಯ ಪೂರ್ವ ಭಾಗದಲ್ಲಿ, ಕಾಗಿಣಾ ನದಿಯೂ ಅದನ್ನು ಸೇರುವ ಮುಲ್ಲಾಮಾರಿಯೂ ಹರಿಯುವ ಸೀಮೆಯಲ್ಲಿ ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ವಾಡಿ ಪಟ್ಟಣಗಳಿವೆ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದುದರಿಂದ ಸಾಹಿತ್ಯ ಚರಿತ್ರೆಕಾರರಿಗೂ, ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಫರಸಿಯಿಂದಾಗಿ ಕಟ್ಟಡದವರಿಗೂ, ಸುಣ್ಣಕಲ್ಲನ್ನು ನಂಬಿ ಎದ್ದ ಸಿಮೆಂಟ್ ಕಾರ್ಖಾನೆಗಳಿಂದಾಗಿ ಉದ್ಯಮಿಗಳಿಗೂ, ತೊಗರಿಯಿಂದಾಗಿ ಬೇಳೆಯ ವ್ಯಾಪಾರಿಗಳಿಗೂ ಪರಿಚಿತವಾದ ಈ ಸೀಮೆಗೆ ಭಾರತದ ಫುಟ್‌ಬಾಲ್ ಚರಿತ್ರೆಯಲ್ಲಿ ಸ್ವಂತ ಅಧ್ಯಾಯವಿಲ್ಲ. ರಾಷ್ಟ್ರಮಟ್ಟದಲ್ಲಿ ಹೆಸರಾದ ಕ್ಲಬ್ಬು ಇಲ್ಲಿ ಹುಟ್ಟಲಿಲ್ಲ. ಆದರೂ ಹೈದರಾಬಾದ್ ಮತ್ತು ಬೆಂಗಳೂರು ಎಂಬ ಎರಡು ಹಳೆಯ ಫುಟ್‌ಬಾಲ್ ನಗರಗಳ ನಡುವೆ ಬಿದ್ದ, ಆಡಳಿತದಲ್ಲಿ ಮೊದಲು ಒಂದಕ್ಕೂ ಆಮೇಲೆ ಇನ್ನೊಂದಕ್ಕೂ ಸೇರಿದ ಈ ನೆಲದಿಂದ ನೋಡಿದರೆ, ಫುಟ್‌ಬಾಲ್ ಅಭಿಮಾನಿಯ ಮುನಿಸು ಹುಟ್ಟುವ ಬಗೆ ಬೇರೆಲ್ಲಿಂದ ನೋಡುವುದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಪಂದ್ಯವನ್ನು ಕ್ರೀಡಾಂಗಣದಲ್ಲಿ ಕೂತು ಕಾಣಲಾಗದ ಅಭಿಮಾನಿಗೆ ಆಟಗಾರನೆಂದರೆ ಸುದ್ದಿಯಲ್ಲಿ ಬಂದ ಆಟಗಾರನೇ. ಆದ್ದರಿಂದ ಎದುರಾಳಿ ಆಟಗಾರ ಮೈದಾನದ ಹೊರಗೆ ಏನು ಮಾಡಿದ, ಏನು ಮಾತಾಡಿದ, ಅದನ್ನು ಮಾಧ್ಯಮಗಳು ಯಾವ ತಕ್ಕಡಿಯಲ್ಲಿ ತೂಗಿದವು ಎಂಬ ಪ್ರಶ್ನೆಗಳು ಅವನಿಗೆ ಗೋಲಿನಷ್ಟೇ ದೊಡ್ಡವು.

ಈ ಸೀಮೆಗೆ ಹೊರಗಿನ ಸುದ್ದಿ ಬಂದ ಮೊದಲ ಹೆದ್ದಾರಿ ರೈಲು. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಆಗ್ನೇಯ ಮಾರ್ಗವು ಕಲಬುರಗಿ, ಶಹಾಬಾದ್, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. ಮೂರು ವರ್ಷಗಳ ತರುವಾಯ, 1874ರಲ್ಲಿ, ನಿಜಾಮರ ಹಣದಿಂದ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ಮಾರ್ಗವು ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಹಾದುಹೋಯಿತು. ಚಿಂಚೋಳಿಗೆ ಮಾತ್ರ ರೈಲು ಸಿಗಲಿಲ್ಲ. ಹೀಗೆ ವಾಡಿಯು ಎರಡು ಮಾರ್ಗಗಳು ಕೂಡುವ ಜಂಕ್ಷನ್ ಆಯಿತು, ಮತ್ತು ಈ ಸೀಮೆಯ ವ್ಯಾಪಾರ, ಆಸ್ಪತ್ರೆ, ಕಚೇರಿ, ಕಾಲೇಜುಗಳ ದಿಕ್ಕು ಹೈದರಾಬಾದಿನತ್ತ ತಿರುಗಿತು. ರೈಲಿನ ಲೆಕ್ಕದಲ್ಲಿ ವಾಡಿಯಿಂದ ಸಿಕಂದರಾಬಾದ್ ಇನ್ನೂರು ಕಿಲೋಮೀಟರಿನ ಒಳಗಿದ್ದರೆ ಬೆಂಗಳೂರು ಅದರ ಎರಡೂವರೆ ಪಟ್ಟಿಗಿಂತ ದೂರ. ಆ ಮಾರ್ಗದ ಕೊನೆಯಲ್ಲಿದ್ದ ಸಿಕಂದರಾಬಾದ್ ಬ್ರಿಟಿಷ್ ಸೈನ್ಯದ ದೊಡ್ಡ ದಂಡು. ಕಾಲ್ಚೆಂಡಾಟವು ಭಾರತದ ಎಷ್ಟೋ ನಗರಗಳಿಗೆ ಬಂದಂತೆ ಹೈದರಾಬಾದಿಗೂ ಸೈನಿಕರ ಜೊತೆಗೇ ಬಂದಿತು.

ಹೈದರಾಬಾದ್ ಫುಟ್‌ಬಾಲ್ ಸಂಸ್ಥೆ 1939ರಲ್ಲಿ ಹುಟ್ಟಿತು. ಆ ನಗರದ ಆಟವನ್ನು ದೇಶವೇ ತಿರುಗಿ ನೋಡುವಂತೆ ಮಾಡಿದವರು ಸಯ್ಯದ್ ಅಬ್ದುಲ್ ರಹೀಂ. ಶಾಲಾ ಶಿಕ್ಷಕರಾಗಿದ್ದ ರಹೀಂ ಅವರು 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿ ವಹಿಸಿಕೊಂಡ ವರ್ಷವೇ ಆ ತಂಡ ದೆಹಲಿಯ ಡ್ಯೂರಾಂಡ್ ಕಪ್ಪನ್ನು ಗೆದ್ದಿತು. ಮುಂಬೈಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಎಂಬ ಪ್ರತಿಷ್ಠಿತ ಪಂದ್ಯಾವಳಿಯನ್ನು 1950ರಿಂದ 1954ರವರೆಗೆ ಸತತ ಐದು ಬಾರಿ ತನ್ನದಾಗಿಸಿಕೊಂಡಿತು. ಇದಕ್ಕೂ ಮುಂಚೆ 1937ರಲ್ಲಿ ಅದೇ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದು, ಸೈನ್ಯದ ತಂಡಗಳ ಏಕಸ್ವಾಮ್ಯವನ್ನು ಮುರಿದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಎರಡೂ ನಗರಗಳ ಆಟ ಇಷ್ಟು ಎತ್ತರಕ್ಕೇರಿದ್ದರೂ ಅವುಗಳ ಒಳ್ಳೆಯ ಆಟಗಾರರು ಕೊನೆಗೆ ಸೇರುತ್ತಿದ್ದುದು ಕೋಲ್ಕತ್ತದ ಕ್ಲಬ್ಬುಗಳನ್ನು. ಬೆಂಗಳೂರಿನ ಅಹ್ಮದ್ ಖಾನ್ ಈಸ್ಟ್ ಬೆಂಗಾಲಿನ ಹೆಸರಾಂತ ಐವರು ಮುನ್ನಡೆ ಆಟಗಾರರಲ್ಲಿ ಒಬ್ಬರಾದರು. ಸಿಕಂದರಾಬಾದಿನ ತುಳಸಿದಾಸ್ ಬಲರಾಂ 1957ರಲ್ಲಿ ಅದೇ ಕ್ಲಬ್ಬಿಗೆ ಹೋದರು. ಆಟಗಾರರ ಜೊತೆಗೆ ಆಟದ ಸುದ್ದಿಯ ಕೇಂದ್ರವೂ ಕೋಲ್ಕತ್ತವೇ ಆಯಿತು. ದಕ್ಷಿಣದ ಆಟಗಾರ ದಕ್ಷಿಣದಲ್ಲಿ ಗೆದ್ದದ್ದಕ್ಕಿಂತ ಕೋಲ್ಕತ್ತದಲ್ಲಿ ಗೆದ್ದದ್ದೇ ದೊಡ್ಡ ಸುದ್ದಿಯಾಗುವ ಪದ್ಧತಿಗೆ ಬೇರು ಇಲ್ಲಿದೆ, ಮತ್ತು ಈ ಅಸಮತೋಲದಿಂದ ಹುಟ್ಟಿದ ದೂರು ಇಂದಿಗೂ ತೀರಿಲ್ಲ.

ಕಾಗಿಣಾ ಸೀಮೆಯ ಮಟ್ಟಿಗೆ ನಿಷ್ಠೆಯ ಪ್ರಶ್ನೆ ಇನ್ನಷ್ಟು ತೊಡಕಿನದು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿದರೂ ಹೈದರಾಬಾದ್ ರಾಜ್ಯ ಉಳಿದಿತ್ತು; 1956ರ ನವೆಂಬರ್ 1ರಂದು ಅದು ಒಡೆದು, ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಹೈದರಾಬಾದ್ ತಂಡ ಗೆದ್ದದ್ದು ಸರಿಯಾಗಿ ಅದೇ ಹೊತ್ತಿನಲ್ಲಿ, 1956–57 ಮತ್ತು 1957–58ರ ಎರಡು ಸಾಲುಗಳಲ್ಲಿ. ನಕ್ಷೆಯಲ್ಲಿ ಸೇಡಂ ಮೈಸೂರಿಗೆ ಸೇರಿಯಾಗಿತ್ತು, ಆದರೆ ಅಲ್ಲಿಯ ರೈಲು, ಅಲ್ಲಿಯ ಮಾರುಕಟ್ಟೆ, ಅಲ್ಲಿ ಓದುತ್ತಿದ್ದ ಉರ್ದು ಪತ್ರಿಕೆ ಎಲ್ಲವೂ ಹೈದರಾಬಾದಿನವಾಗಿದ್ದವು. ಮೈಸೂರು ರಾಜ್ಯದ ತಂಡವು 1946–47 ಮತ್ತು 1952–53ರಲ್ಲಿ ಈ ಟ್ರೋಫಿ ಗೆದ್ದಾಗ ಈ ಜನರಿಗೆ ಅದು ನೆರೆಯ ನಾಡಿನ ಗೆಲುವು. ಅದೇ ಮೈಸೂರು 1967–68 ಮತ್ತು 1968–69ರಲ್ಲಿ ಗೆದ್ದಾಗ ಅದು ಸ್ವಂತ ರಾಜ್ಯದ ಗೆಲುವು. ಹದಿನೈದು ವರ್ಷಗಳಲ್ಲಿ ಎದುರಾಳಿ ತಮ್ಮವನಾದ, ತಮ್ಮವನು ಎದುರಾಳಿಯಾದ. ಅಭಿಮಾನವನ್ನು ಹುಟ್ಟೂರಿನ ಸಹಜ ಗುಣವೆಂದು ಬಗೆಯುವವರು ಈ ತಾಲ್ಲೂಕುಗಳ ಚರಿತ್ರೆಯನ್ನು ಗಮನಿಸಬೇಕು.

ಆಟಗಾರರಲ್ಲದವರ ಮಾತಿಗೆ ಆಟಗಾರರು ದಂಡ ತೆತ್ತ ದೊಡ್ಡ ಪ್ರಸಂಗದಲ್ಲಿಯೂ, ಭಾರತ ತಂಡದ ತರಬೇತುದಾರರಾಗಿ, ರಹೀಂ ಅವರೇ ಕೇಂದ್ರದಲ್ಲಿದ್ದರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕೆ ಇಂಡೊನೇಷ್ಯಾ ಸರ್ಕಾರವು ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಬರಗೊಡಲಿಲ್ಲ. ಇದನ್ನು ಭಾರತದ ಹಿರಿಯ ಕ್ರೀಡಾ ಆಡಳಿತಗಾರ ಗುರುದತ್ತ ಸೊಂಧಿ ಬಹಿರಂಗವಾಗಿ ಆಕ್ಷೇಪಿಸಿ, ಕೂಟವನ್ನು ಏಷ್ಯನ್ ಕೂಟವೆಂದು ಕರೆಯುವುದೇ ಸಲ್ಲದೆಂಬ ನಿಲುವು ತಾಳಿದರು. ಸುದ್ದಿ ಹರಡುತ್ತಲೇ ಜಕಾರ್ತಾದಲ್ಲಿ ಭಾರತದ ವಿರುದ್ಧ ಕೋಪ ಭುಗಿಲೆದ್ದು ಭಾರತೀಯ ರಾಯಭಾರ ಕಚೇರಿಯ ಮೇಲೆ ದಾಳಿಯಾಯಿತು. ಮರುದಿನ, ಸೆಪ್ಟೆಂಬರ್ 4ರಂದು, ದಕ್ಷಿಣ ಕೊರಿಯಾದ ಎದುರು ಅಂತಿಮ ಪಂದ್ಯಕ್ಕಿಳಿದ ಭಾರತದ ಆಟಗಾರರನ್ನು ತುಂಬಿದ ಕ್ರೀಡಾಂಗಣ ಗೇಲಿಯ ಕೂಗಿನಿಂದ ಎದುರುಗೊಂಡಿತು. ಸೊಂಧಿ ಅವರ ನಿಲುವಿನಲ್ಲಿ ಆಟಗಾರರ ಪಾಲೇನೂ ಇರಲಿಲ್ಲ. ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್ ಹೊಡೆದ ಗೋಲುಗಳಿಂದ ಭಾರತ 2–1ರಲ್ಲಿ ಗೆದ್ದು ಚಿನ್ನ ಪಡೆಯಿತು. ಗೋಲು ಕಾಯುತ್ತಿದ್ದವರು ಹೈದರಾಬಾದಿನ ಪೀಟರ್ ತಂಗರಾಜ್. ರಹೀಂ ಅವರು ಕ್ಯಾನ್ಸರಿನಿಂದ 1963ರ ಜೂನ್‌ನಲ್ಲಿ ತೀರಿಕೊಂಡರು. ಮೈದಾನದ ಹೊರಗಿನ ನಡತೆಗೆ ಮೈದಾನದೊಳಗಿನ ಮನುಷ್ಯನನ್ನು ಹೊಣೆ ಮಾಡುವಾಗ ಅಭಿಮಾನಿಯು ಮೊದಲು ಕೇಳಬೇಕಾದ ಪ್ರಶ್ನೆ, ಆ ನಡತೆ ನಿಜವಾಗಿ ಯಾರದು ಎಂಬುದು. ಜಕಾರ್ತಾದ ಜನಸಂದಣಿ ಅದನ್ನು ಕೇಳಲಿಲ್ಲ.

ರೇಡಿಯೊದ ನಂತರ ದೃಶ್ಯದ ಕಾಲ ಬಂದಾಗ ಕಲಬುರಗಿ ಜಿಲ್ಲೆ ಬೆಂಗಳೂರಿಗಿಂತ ಮುಂದಿತ್ತು. ಅಮೆರಿಕದ ಉಪಗ್ರಹವೊಂದರ ನೆರವಿನಿಂದ 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಎಂಬ ದೂರದರ್ಶನ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದಲ್ಲಿ ಆಯ್ಕೆಯಾದ ಹಳ್ಳಿಗಳು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳವು. ಅದರಲ್ಲಿ ಬರುತ್ತಿದ್ದುದು ಮುಖ್ಯವಾಗಿ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳು. ಫುಟ್‌ಬಾಲನ್ನು ಜನಸಾಮಾನ್ಯರು ಪರದೆಯ ಮೇಲೆ ಕಂಡದ್ದು ತಡವಾಗಿ, ಬಹುಮಟ್ಟಿಗೆ 1986ರ ವಿಶ್ವಕಪ್ಪಿನಿಂದ. ಆ ವಿಶ್ವಕಪ್ಪಿನ ನಾಯಕ ಡಿಯಾಗೊ ಮರಡೋನಾ ಅವರೇ 1991ರಲ್ಲಿ ಕೊಕೇನ್ ಸೇವನೆಗಾಗಿ ಹದಿನೈದು ತಿಂಗಳ ನಿಷೇಧಕ್ಕೂ, 1994ರ ವಿಶ್ವಕಪ್ಪಿನ ನಡುವೆ ಎಫೆಡ್ರಿನ್ ಎಂಬ ನಿಷಿದ್ಧ ಮದ್ದಿಗಾಗಿ ಹೊರದಬ್ಬಿಸಿಕೊಳ್ಳುವುದಕ್ಕೂ ಗುರಿಯಾದಾಗ, ಆಟಗಾರನ ಖಾಸಗಿ ಬದುಕು ಕ್ರೀಡಾಪುಟದ ಮುಖ್ಯ ಸುದ್ದಿಯಾಗಬಲ್ಲುದೆಂಬುದನ್ನು ಕನ್ನಡದ ಓದುಗರೂ ಕಂಡರು.

ಹೊಸ ಕಾಲದ ಕ್ಲಬ್ ಫುಟ್‌ಬಾಲ್ ಈ ಸೀಮೆಯನ್ನು ಮತ್ತೆ ಅದೇ ಎರಡು ನಗರಗಳ ನಡುವೆ ನಿಲ್ಲಿಸಿತು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ತನ್ನ ಮೊದಲ ಸಾಲಿನಲ್ಲೇ ಐ-ಲೀಗ್ ಗೆದ್ದು, 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಸೇರಿ, 2018–19ರಲ್ಲಿ ಅದನ್ನೂ ಗೆದ್ದಿತು. ಕ್ರೀಡಾಂಗಣದ ಪಶ್ಚಿಮದ ಮೆಟ್ಟಿಲುಗಳಿಂದ ಹೆಸರು ಪಡೆದ ವೆಸ್ಟ್ ಬ್ಲಾಕ್ ಬ್ಲೂಸ್ ಅದರ ಅಭಿಮಾನಿ ಬಳಗ, ಅಂದರೆ ಒಟ್ಟಿಗೆ ಕೂತು, ಹಾಡು ಕಟ್ಟಿ, ದೂರದೂರಿಗೂ ತಂಡದ ಜೊತೆ ಪಯಣಿಸುವವರ ಸಂಘಟನೆ. ಕೇರಳ ಬ್ಲಾಸ್ಟರ್ಸ್ ತಂಡಕ್ಕೆ ಮಂಜಪ್ಪಡ ಎಂಬ ಅಂಥದೇ ದೊಡ್ಡ ಬಳಗವಿದೆ. 2019ರಲ್ಲಿ ಬಂದ ಹೈದರಾಬಾದ್ ಎಫ್‌ಸಿ 2022ರ ಮಾರ್ಚ್‌ನಲ್ಲಿ ಇದೇ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿಗಳಲ್ಲಿ ಮಣಿಸಿ ಚಾಂಪಿಯನ್ ಆದರೂ, ಆಟಗಾರರ ಸಂಬಳ ಕೊಡಲಾಗದ ಸ್ಥಿತಿಗೆ ಬೇಗನೆ ಕುಸಿದು, 2025ರಲ್ಲಿ ದೆಹಲಿಗೆ ಹೋಗಿ ಹೆಸರು ಬದಲಿಸಿಕೊಂಡಿತು. ರಹೀಂ ಅವರ ನಗರಕ್ಕೆ ಹೀಗಾದದ್ದು ದುಃಖದ ವಿಷಯ.

ಬೆಂಗಳೂರು ಮತ್ತು ಕೇರಳದ ತಂಡಗಳ ವೈರದಲ್ಲಿ ಎದುರಾಳಿ ಆಟಗಾರನ ನಡತೆಯ ಪ್ರಶ್ನೆ ತೀವ್ರವಾಗಿ ಎದ್ದ ಒಂದು ಸಂದರ್ಭವೆಂದರೆ ಸಂದೇಶ್ ಝಿಂಗಾನ್ ಅವರದು, ಮತ್ತು ಅದು ಆರಂಭವಾದಾಗ ಅವರು ಬೆಂಗಳೂರಿನವರಾಗಿರಲೂ ಇಲ್ಲ. 2014ರಿಂದ 2020ರವರೆಗೆ ಬ್ಲಾಸ್ಟರ್ಸ್ ರಕ್ಷಣಾ ಆಟಗಾರರಾಗಿದ್ದು ನಾಯಕರೂ ಆಗಿದ್ದ ಝಿಂಗಾನ್ ಬಿಟ್ಟುಹೋದಾಗ, ಕ್ಲಬ್ಬು ಅವರ 21ನೇ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಘೋಷಿಸಿ ಗೌರವಿಸಿತ್ತು. 2022ರ ಫೆಬ್ರುವರಿ 19ರಂದು ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್ ಪರವಾಗಿ ಅದೇ ಬ್ಲಾಸ್ಟರ್ಸ್ ಎದುರು 2–2ರ ಸಮಬಲದ ಪಂದ್ಯ ಆಡಿ ಹೊರನಡೆಯುವಾಗ, ತಾವು ಹೆಂಗಸರ ಜೊತೆ ಆಡಿದೆವೆಂಬ ಅರ್ಥದ ಮಾತನ್ನು ಅವರು ಹಿಂದಿಯಲ್ಲಿ ಆಡಿದ್ದು ಕ್ಯಾಮೆರಾದಲ್ಲಿ ಸೆರೆಯಾಯಿತು. ಎದುರಾಳಿಯನ್ನು ಹಳಿಯಲು ಹೆಣ್ಣೆಂಬುದನ್ನೇ ಬೈಗುಳ ಮಾಡಿದ ಆ ಮಾತು ಬ್ಲಾಸ್ಟರ್ಸ್ ತಂಡವನ್ನೂ ದೇಶದ ಎಲ್ಲ ಮಹಿಳಾ ಆಟಗಾರರನ್ನೂ ಒಟ್ಟಿಗೆ ಕೀಳುಮಾಡಿತು. ಅಂಗಿಯ ಗೌರವವನ್ನು ಹಿಂಪಡೆಯಬೇಕೆಂದು ಕೇರಳದ ಅಭಿಮಾನಿಗಳು ಒತ್ತಾಯಿಸಿದರು. ಝಿಂಗಾನ್ ಕ್ಷಮೆ ಕೇಳಿದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ, ಅಂದರೆ ಆಟಗಾರರ ಮತ್ತು ಕ್ಲಬ್ಬುಗಳ ದುರ್ನಡತೆಯನ್ನು ವಿಚಾರಿಸುವ ಮಂಡಲಿ, ಎಚ್ಚರಿಕೆ ಕೊಟ್ಟು ಬಿಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ಬೆಂಗಳೂರು ಎಫ್‌ಸಿ ಸೇರಿದಾಗ ಕೇರಳದವರ ಹಳೆಯ ಗಾಯ ಬೆಂಗಳೂರಿನ ವೈರಕ್ಕೆ ಬಂದು ಕೂಡಿಕೊಂಡಿತು. ಈ ಪ್ರಕರಣದಲ್ಲಿ ಎದುರು ಪಕ್ಷದ ಅಭಿಮಾನಿಗಳ ದೂರು ನ್ಯಾಯವಾದದ್ದು. ಆದರೆ ಆಟಗಾರನ ತಪ್ಪಿಗೆ ಅವರ ಹೆಂಡತಿಯನ್ನೂ ಮನೆಯವರನ್ನೂ ನಿಂದಿಸಿದ್ದು ಯಾವ ನ್ಯಾಯಕ್ಕೂ ಒಗ್ಗದು. ಹೆಣ್ಣನ್ನು ಹೀಗಳೆದದ್ದಕ್ಕೆ ಉತ್ತರವಾಗಿ ಇನ್ನೊಬ್ಬ ಹೆಣ್ಣನ್ನು ಹೀಗಳೆದವರು ತಮ್ಮ ದೂರಿನ ಬಲವನ್ನು ತಾವೇ ಕಳೆದುಕೊಂಡರು.

ಒಂದು ವರ್ಷದ ತರುವಾಯ, 2023ರ ಮಾರ್ಚ್ 3ರ ರಾತ್ರಿ, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಎರಡೂ ತಂಡಗಳ ನಡುವೆ ನಾಕೌಟ್ ಪಂದ್ಯ, ಅಂದರೆ ಸೋತವರು ಲೀಗಿನಿಂದ ಹೊರಬೀಳುವ ಪಂದ್ಯ, ನಡೆಯಿತು. ನಿಗದಿತ ತೊಂಬತ್ತು ನಿಮಿಷಗಳಲ್ಲಿ ಗೋಲು ಬಾರದೆ ಆಟ ಹೆಚ್ಚುವರಿ ಸಮಯಕ್ಕೆ ಹೋದ ಸ್ವಲ್ಪ ಹೊತ್ತಿನಲ್ಲೇ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಎದುರಾಳಿಯ ತಪ್ಪಿಗೆ ಪ್ರತಿಯಾಗಿ ನಿಂತ ಚೆಂಡನ್ನು ಒದೆಯುವ ಈ ಅವಕಾಶವನ್ನು, ರೆಫರಿ ತಡೆಯದಿದ್ದರೆ, ಸೀಟಿಗೆ ಕಾಯದೆ ತಕ್ಷಣವೇ ಬಳಸಿಕೊಳ್ಳಲು ಆಟದ ನಿಯಮ ಅವಕಾಶ ಕೊಡುತ್ತದೆ; ಆದರೆ ರಕ್ಷಕರು ಸಾಲಾಗಿ ನಿಲ್ಲುವ ‘ಗೋಡೆ’ಯನ್ನು ಸರಿಪಡಿಸಲು ರೆಫರಿ ಕೈಹಾಕಿದ್ದರೆ ಸೀಟಿಗಾಗಿ ಕಾಯಲೇಬೇಕು. ಬೆಂಗಳೂರಿನ ಸುನಿಲ್ ಛೆಟ್ರಿ ಚೆಂಡನ್ನು ತಟ್ಟನೆ ಗೋಲಿಗೆ ಕಳಿಸಿದರು, ರೆಫರಿ ಕ್ರಿಸ್ಟಲ್ ಜಾನ್ ಅದನ್ನು ಮಾನ್ಯ ಮಾಡಿದರು. ಬ್ಲಾಸ್ಟರ್ಸ್ ತಂಡದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು, ತಂಡ ಮರಳಲಿಲ್ಲ, ಪಂದ್ಯ 1–0 ಎಂದು ಬೆಂಗಳೂರಿಗೆ ಸಂದಿತು. ಸೀಟಿಯೂ ಬೇಡ, ಗೋಡೆಯೂ ಬೇಡವೆಂದು ರೆಫರಿಗೆ ತಾವು ಮೊದಲೇ ತಿಳಿಸಿದ್ದಾಗಿ ಛೆಟ್ರಿ ಹೇಳಿದರು. ಬೆಂಗಳೂರಿನವರಿಗೆ ಇದು ಜಾಣತನ, ಮೈದಾನ ಬಿಟ್ಟವರದು ಹೇಡಿತನ. ಕೇರಳದವರಿಗೆ ಇದು ಮೋಸ, ಮೈದಾನ ಬಿಟ್ಟದ್ದು ಸ್ವಾಭಿಮಾನ. ವಾರಗಟ್ಟಲೆ ನಡೆದ ಚರ್ಚೆಯಲ್ಲಿ ಎರಡೂ ಕಡೆಯವರು ನಿಯಮವನ್ನು ಬಿಟ್ಟು ಆಟಗಾರರ ಚಾರಿತ್ರ್ಯದ ಬಗ್ಗೆ ಮಾತಾಡತೊಡಗಿದರು, ಮಾಧ್ಯಮಗಳೂ ಅದಕ್ಕೇ ಗಾಳಿ ಹಾಕಿದವು.

ಈ ಗದ್ದಲದ ಮರುದಿನವೇ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕದ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು 54 ವರ್ಷಗಳ ನಂತರ ಗೆದ್ದಿತು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಕೊನೆಯ ಬಾರಿ ಗೆದ್ದಿದ್ದ ರಾಜ್ಯಕ್ಕೆ, ಕರ್ನಾಟಕ ಎಂಬ ಹೆಸರು ಬಂದ ಮೇಲೆ ಇದು ಮೊದಲ ಸಂತೋಷ್ ಟ್ರೋಫಿ. ಸೇಡಮ್ಮಿನಿಂದ ಚಾಮರಾಜನಗರದವರೆಗಿನ ಇಡೀ ನಾಡಿನ ಹೆಸರಿನಲ್ಲಿ ಆಡುವ ತಂಡದ ಈ ಗೆಲುವು, ಒಂದು ನಗರದ ಕ್ಲಬ್ಬಿನ ಜಗಳದ ನೆರಳಿನಲ್ಲಿ ಬಂತು. ಅಭಿಮಾನಿಗೆ ಮಾಧ್ಯಮದ ಮೇಲಿರುವ ದೂರುಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ ಆಗಬೇಕಿತ್ತು: ತನ್ನ ಎದುರಾಳಿಯನ್ನು ಸಾಕಷ್ಟು ಬೈಯಲಿಲ್ಲವೆಂಬುದಕ್ಕಿಂತ, ಬೈಗುಳದ ಭರದಲ್ಲಿ ಆಟಕ್ಕೆ ಸಲ್ಲಬೇಕಾದ ಜಾಗ ಸಲ್ಲಲಿಲ್ಲವೆಂಬುದು.

ಮಾಧ್ಯಮದ ಮೇಲಿನ ಸಂಶಯಕ್ಕೆ ಇನ್ನೊಂದು ಆಧಾರವೂ ಇದೆ. ಇಂಡಿಯನ್ ಸೂಪರ್ ಲೀಗನ್ನು ನಡೆಸುತ್ತಿದ್ದ ಫುಟ್‌ಬಾಲ್ ಸ್ಪೋರ್ಟ್ಸ್ ಡೆವಲಪ್‌ಮೆಂಟ್ ಲಿಮಿಟೆಡ್ ಎಂಬ ಕಂಪನಿಯಲ್ಲಿ ರಿಲಯನ್ಸ್ ಮತ್ತು ಸ್ಟಾರ್ ಎರಡಕ್ಕೂ ಪಾಲಿತ್ತು. 2022–23ರವರೆಗೆ ಪಂದ್ಯಗಳನ್ನು ಪ್ರಸಾರ ಮಾಡಿದ್ದು ಸ್ಟಾರ್ ವಾಹಿನಿ, ಆಮೇಲೆ ಪ್ರಸಾರದ ಹಕ್ಕು ಹೋದದ್ದು ರಿಲಯನ್ಸ್ ಬಳಗದ ವಯಾಕಾಮ್18 ಕಂಪನಿಗೆ. ಆಟ ನಡೆಸುವವರೂ ಆಟವನ್ನು ತೋರಿಸಿ ವಿಶ್ಲೇಷಿಸುವವರೂ ಒಂದೇ ಮನೆಯವರಾದಾಗ, ರೆಫರಿಯ ತೀರ್ಪನ್ನೋ ಜನಪ್ರಿಯ ಆಟಗಾರನ ನಡತೆಯನ್ನೋ ವಾಹಿನಿ ನಿರ್ದಾಕ್ಷಿಣ್ಯವಾಗಿ ಪ್ರಶ್ನಿಸೀತೇ ಎಂದು ಪ್ರೇಕ್ಷಕ ಕೇಳುವುದು ಸಹಜ. ವಿಶ್ಲೇಷಕರೆಲ್ಲರೂ ಪಕ್ಷಪಾತಿಗಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಪಕ್ಷಪಾತವಿಲ್ಲವೆಂದು ನಂಬಿಸುವ ಹೊಣೆ ಮಾತ್ರ ಅಂಥ ವಾಹಿನಿಯ ಮೇಲೆ ಹೆಚ್ಚು. ಕ್ರೀಡಾಂಗಣಕ್ಕೆ ಹೋಗಬಲ್ಲ ಬೆಂಗಳೂರಿನ ಅಥವಾ ಕೊಚ್ಚಿಯ ಪ್ರೇಕ್ಷಕನಿಗೆ ತನ್ನ ಕಣ್ಣೇ ಸಾಕ್ಷಿ, ಆದರೆ ಚಿಂಚೋಳಿಯ ಪ್ರೇಕ್ಷಕನಿಗೆ ವಾಹಿನಿ ತೋರಿಸಿದ ಕೋನವೇ ಸಾಕ್ಷಿ.

ಮೈದಾನ ಬಿಟ್ಟುಹೋದದ್ದಕ್ಕಾಗಿ 2023ರ ಮಾರ್ಚ್ 31ರಂದು ಶಿಸ್ತು ಸಮಿತಿಯು ಬ್ಲಾಸ್ಟರ್ಸ್ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡವನ್ನೂ, ವುಕೊಮನೊವಿಚ್ ಅವರಿಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ರೂಪಾಯಿ ದಂಡವನ್ನೂ ವಿಧಿಸಿತು. ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ ಮೊತ್ತ ಕ್ರಮವಾಗಿ 6 ಕೋಟಿ ಮತ್ತು 10 ಲಕ್ಷಕ್ಕೆ ಏರುವುದೆಂಬ ಷರತ್ತೂ ಇತ್ತು. ಬೆಂಗಳೂರಿನ ಅಭಿಮಾನಿಗಳು ಇದನ್ನು ನ್ಯಾಯದ ಜಯವೆಂದು ಕೊಂಡಾಡಿದರು. ಆದರೆ ಜೂನ್ ತಿಂಗಳಲ್ಲಿ ಬ್ಲಾಸ್ಟರ್ಸ್ ಕ್ಲಬ್ಬು, ಈ ದಂಡದ ಹೊರೆಯನ್ನೇ ಕಾರಣವಾಗಿ ಹೇಳಿ, ಹಿಂದಿನ ವರ್ಷವಷ್ಟೇ ಕಟ್ಟಿದ್ದ ತನ್ನ ಮಹಿಳಾ ತಂಡವನ್ನು ನಿಲ್ಲಿಸಿಬಿಟ್ಟಿತು. ಮೈದಾನ ಬಿಟ್ಟು ಹೋದವರು ಗಂಡಸರು, ಮೈದಾನ ಕಳೆದುಕೊಂಡವರು ಹೆಂಗಸರು. ಝಿಂಗಾನ್ ಅವರ ಮಾತಿಗೆ ಸಿಡಿದೆದ್ದ ಅಭಿಮಾನಿಗಳ ಕ್ಲಬ್ಬೇ ಹೀಗೆ ಮಾಡಿದ್ದು ಈ ಇಡೀ ಪ್ರಕರಣದ ಅತ್ಯಂತ ದೊಡ್ಡ ಅನ್ಯಾಯ. ಸೀಟಿ ಊದದ ಒಂದು ಫ್ರೀ ಕಿಕ್ಕಿಗೆ ಸಿಕ್ಕ ಮಾತಿನ ಬಹುಪಾಲು ಈ ಹೆಣ್ಣುಮಕ್ಕಳ ಪಾಲಿಗೆ ಸಿಗಬೇಕಿತ್ತು.

ಎದುರಾಳಿಯನ್ನು ಶತ್ರುವೆಂದು ಬಗೆಯುವ ಅಭ್ಯಾಸ ಎಷ್ಟು ತಾತ್ಕಾಲಿಕವೆಂಬುದಕ್ಕೆ ಆ ನಾಕೌಟ್ ಪಂದ್ಯದ ನಾಲ್ಕೇ ತಿಂಗಳಲ್ಲಿ ಅದೇ ಕಂಠೀರವ ಸಾಕ್ಷಿಯಾಯಿತು. 2023ರ ಜುಲೈ 4ರಂದು ಅಲ್ಲಿ ನಡೆದ ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ ಕುವೈತ್ ಎದುರು ಹಿಂದೆ ಬಿದ್ದಿದ್ದ ಭಾರತಕ್ಕೆ ಸಮಬಲದ ಗೋಲು ತಂದುಕೊಟ್ಟವರು ಲಾಲಿಯನ್‌ಜುವಾಲಾ ಛಾಂಗ್ಟೆ. ಆ ಗೋಲಿಗೆ ಚೆಂಡನ್ನು ಒದಗಿಸಿದವರು ಆಗ ಬ್ಲಾಸ್ಟರ್ಸ್ ಆಟಗಾರರಾಗಿದ್ದ ಸಹಲ್ ಅಬ್ದುಲ್ ಸಮದ್, ತಂಡದ ನಾಯಕರು ಛೆಟ್ರಿ. ಭಾರತ ಪೆನಾಲ್ಟಿಗಳಲ್ಲಿ ಗೆದ್ದಿತು, ಬೆಂಗಳೂರಿನ ಪ್ರೇಕ್ಷಕರು ಸಹಲ್ ಮತ್ತು ಛೆಟ್ರಿ ಇಬ್ಬರಿಗೂ ಜೈಕಾರ ಹಾಕಿದರು. ಕೇರಳದವರು ಬೆಂಗಳೂರಿನವರೆಂದು ದ್ವೇಷಿಸಿದ ಛೆಟ್ರಿ ಹುಟ್ಟಿದ್ದು, 1984ರಲ್ಲಿ, ವಾಡಿಯಿಂದ ಹೊರಡುವ ಆ ಹಳೆಯ ರೈಲುಮಾರ್ಗದ ತುದಿಯ ಸಿಕಂದರಾಬಾದಿನಲ್ಲಿ. 2018ರಲ್ಲಿ ಮುಂಬೈಯ ಪಂದ್ಯವೊಂದಕ್ಕೆ 2,569 ಜನರಷ್ಟೇ ಬಂದಾಗ, ಬೈಯಬೇಕಿದ್ದರೆ ಬೈಯಿರಿ, ಆದರೆ ಕ್ರೀಡಾಂಗಣಕ್ಕೆ ಬನ್ನಿ ಎಂದು ದೇಶದ ಅಭಿಮಾನಿಗಳನ್ನು ಬೇಡಿಕೊಂಡವರೂ ಅವರೇ.

ಬರಲಾಗದ ಊರುಗಳ ಅಭಿಮಾನಿಗಳಿಗೆ ಕನ್ನಡ ಪತ್ರಿಕೆಗಳು ಒಂದು ಋಣವನ್ನು ತೀರಿಸಬೇಕಿದೆ. ಕಲಬುರಗಿಯಲ್ಲಿ ಆವೃತ್ತಿ ಮುದ್ರಿಸುವ ಪತ್ರಿಕೆಗಳು ತಾರೆಯೊಬ್ಬರ ಮಾತಿನ ತುಣುಕನ್ನು ಅಚ್ಚುಹಾಕುವಷ್ಟೇ ಶ್ರದ್ಧೆಯಿಂದ ಶಿಸ್ತು ಸಮಿತಿಯ ತೀರ್ಪಿನ ಸಾರವನ್ನೂ, ಆ ಪ್ರಸಂಗಕ್ಕೆ ಅನ್ವಯಿಸುವ ನಿಯಮವನ್ನೂ ಅಚ್ಚುಹಾಕಲಿ. ರಾಜ್ಯ ತಂಡದ ಪಂದ್ಯಗಳ, ಮಹಿಳಾ ಲೀಗಿನ ಪಂದ್ಯಗಳ ವರದಿಯನ್ನು ಕ್ಲಬ್ಬುಗಳ ಜಗಳದ ಪಕ್ಕದಲ್ಲಿ, ಅದೇ ಗಾತ್ರದಲ್ಲಿ ಕೊಡಲಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಶಾಲಾ ಮೈದಾನಗಳಿಗೂ ವರ್ಷಕ್ಕೆ ಕೆಲವು ಸಲವಾದರೂ ಒಬ್ಬ ಕ್ರೀಡಾ ವರದಿಗಾರನನ್ನು ಕಳಿಸಲಿ.